ಪ್ರಾಗ್‌ನಲ್ಲಿ ಶನಿವಾರ ಭಾನುವಾರ ಎರಡೇ ದಿನ, ನಾಲ್ಕು ಜನ ಹಾಸನದೋರು, ನಮ್ಮ ಪ್ಲಾನ್ ನೋಡಿ ಹೇಳಿ

ಪಾರ್ಕ್‌ರೋಡ್_ಗೋಬಿ:

ನಮಸ್ಕಾರ ಎಲ್ರಿಗೂ. ನಾನು ಹಾಸನದೋನೇ, ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟ್ರಿಲಿ ಮೆಷಿನ್ ಮೇಂಟೆನೆನ್ಸ್ ನೋಡ್ಕೊಳ್ಳೋದು. ಹೊಸ ಮೆಷಿನ್ ಬರ್ತಿದೆ ಅಂತ ಆರು ವಾರ ಟ್ರೈನಿಂಗಿಗೆ ಜರ್ಮನಿಗೆ ಕಳಿಸ್ತಾವ್ರೆ, ಏಪ್ರಿಲ್ ಕೊನೇಲಿ ಹೊರಡೋದು. ಇದುವರ್ಗೂ ನಾನು ಹೋಗಿರೋ ದೂರದ ಊರು ಅಂದ್ರೆ ಗೋವಾ, ಅದೂ ಟೆಂಪೋ ಟ್ರಾವೆಲರ್‌ನಲ್ಲಿ ಹದಿನಾಲ್ಕು ಜನ, ಅರ್ಧ ದಾರಿಲಿ ಒಬ್ಬನ್ನ ಪೆಟ್ರೋಲ್ ಬಂಕಲ್ಲೇ ಬಿಟ್ಟು ಮುಂದಕ್ಕೆ ಹೋಗಿದ್ವಿ, ಸೋ ನನ್ನ ಅನುಭವ ಇಷ್ಟೇ ಅಂತ ತಿಳ್ಕೊಂಡು ಉತ್ರ ಕೊಡಿ.

ವಿಷ್ಯ ಏನಪ್ಪಾ ಅಂದ್ರೆ ಡ್ರೆಸ್ಡೆನ್‌ನಲ್ಲಿ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಅವ್ನೆ, ಮ್ಯೂನಿಕ್‌ನಲ್ಲಿ ಇನ್ನೊಬ್ಬ, ಅವನ ಹೆಂಡ್ತಿನೂ ನಮ್ಮ ಬ್ಯಾಚೇ. ನಾಲ್ಕೂ ಜನ ಒಂದೇ ಕಡೆ ಸೇರಿ ಏಳು ವರ್ಷ ಆಯ್ತು. ಮೇ 9, 10 ವೀಕೆಂಡ್‌ಗೆ ಜೆಕ್ ದೇಶದ ರಾಜಧಾನಿ ಪ್ರಾಗ್ ಅಂತ ಫಿಕ್ಸ್ ಆಗಿದೆ, ಶುಕ್ರವಾರ ರಾತ್ರಿ ತಲುಪೋದು ಭಾನುವಾರ ಸಂಜೆ ಟ್ರೈನಿಗೆ ವಾಪಸ್. ಡ್ರೆಸ್ಡೆನ್ನೋನು ಎಕ್ಸೆಲ್ ಶೀಟ್ ಮಾಡವ್ನೆ, ಅದ್ರಲ್ಲಿ 19 ಜಾಗ ಐತೆ, ಒಂದೊಂದಕ್ಕೂ ನಿಮಿಷ ಹಾಕವ್ನೆ. ಚಾರ್ಲ್ಸ್ ಸೇತುವೆಗೆ ಇಪ್ಪತ್ತು ನಿಮಿಷ ಅಂತೆ.

ಶನಿವಾರ: ಬೆಳಗ್ಗೆ ಯಹೂದಿಗಳ ಹಳೇ ಬೀದಿ, ಅಲ್ಲಿನ ಸ್ಮಶಾನ, ಆಮೇಲೆ ಗಡಿಯಾರ ಇರೋ ಚೌಕ, ಊಟ, ಸೇತುವೆ, ಪೆಟ್ರಿನ್ ಗುಡ್ಡ, ರಾತ್ರಿ ಬೋಟು. ಭಾನುವಾರ: ಬೆಳಗ್ಗೆ ಎಂಟೂವರೆಗೇ ಕೋಟೆ ಮತ್ತೆ ಅದ್ರೊಳಗಿನ ದೊಡ್ಡ ಚರ್ಚು, ಆಮೇಲೆ ವಿಶೆಹ್ರಾಡ್, ಕಾಫ್ಕಾ ಮ್ಯೂಸಿಯಂ, ಡ್ಯಾನ್ಸಿಂಗ್ ಹೌಸ್, ನ್ಯಾಷನಲ್ ಮ್ಯೂಸಿಯಂ, ಇನ್ನೂ ಏನೇನೋ.

ಕೇಳ್ಬೇಕಾಗಿರೋದು: ಇದು ಆಗೋ ಮಾತಾ? ನನ್ನ ವೀಸಾ ಸಿಂಗಲ್ ಎಂಟ್ರಿ ಕೊಟ್ಟವ್ರೆ, ಜೆಕ್‌ಗೆ ಹೋಗಿ ಜರ್ಮನಿಗೆ ವಾಪಸ್ ಬಂದ್ರೆ ತೊಂದ್ರೆ ಆಗುತ್ತಾ? ದುಡ್ಡು ಯೂರೋನೇ ನಡಿಯುತ್ತಾ? ಗೆಳೆಯನ ಹೆಂಡ್ತಿ ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ, ಅವಳಿಗೆ ಏನು ಸಿಗುತ್ತೆ? ಇನ್ನು ನಮ್ಮಪ್ಪ. ಊರಲ್ಲಿ ಎಲ್ರಿಗೂ ಪಂಚಾಂಗ ನೋಡಿ ಹೇಳೋರು, ನಾನು ಪ್ರಾಗ್ ಅಂದ ತಕ್ಷಣ ಹೊರಡೋ ದಿನ ತಿಥಿ ಯಾವ್ದು ಅಂತ ಕೇಳಿದ್ರೇ ಹೊರತು ಅದೆಲ್ಲಿದೆ ಅಂತ ಕೇಳ್ಲಿಲ್ಲ. ಅವ್ರಿಗೆ ಅಲ್ಲಿಂದ ತರೋಕೆ ಏನಾದ್ರೂ ಇದ್ರೆ ಅದೂ ಹೇಳಿ.

ಅರಸೀಕೆರೆ_ಜಂಕ್ಷನ್:

ಗೋಬಿ, ನಾನು ಡ್ರೆಸ್ಡೆನ್‌ನಲ್ಲಿ ಮೂರು ವರ್ಷ ಇದ್ದೋನು, ಪ್ರಾಗ್‌ಗೆ ಕಮ್ಮಿ ಅಂದ್ರೂ ಹತ್ತು ಸಲ ಹೋಗಿದೀನಿ, ಊರಿಂದ ಯಾರೇ ಬಂದ್ರೂ ಅಲ್ಲಿಗೇ ಕರ್ಕೊಂಡು ಹೋಗ್ಬೇಕಿತ್ತು.

ಮೊದ್ಲು ನಿನ್ನ ಗೆಳೆಯನ ಎಕ್ಸೆಲ್ ತಲೆಕೆಳಗಾಗಿದೆ, ಅದನ್ನ ಸರಿ ಮಾಡು. ಯಹೂದಿ ಮ್ಯೂಸಿಯಂಗೆ ಸೇರಿದ ಸಿನಗಾಗ್‌ಗಳು (ಅವ್ರ ಪ್ರಾರ್ಥನಾ ಮಂದಿರಗಳು), ಹಳೇ ಸ್ಮಶಾನ ಎಲ್ಲಾ ಶನಿವಾರ ಬಂದ್, ಅವ್ರಿಗೆ ಅದು ಸಬ್ಬತ್ ದಿನ, ಅಂದ್ರೆ ವಾರದ ವಿಶ್ರಾಂತಿ ದಿನ. ಕೋಟೆ ಒಳಗಿನ ಸೇಂಟ್ ವಿಟಸ್ ಚರ್ಚಿಗೆ ಭಾನುವಾರ ಬೆಳಗ್ಗೆ ಪೂಜೆ ಇರುತ್ತೆ, ಟೂರಿಸ್ಟ್‌ಗಳನ್ನ ಬಿಡೋದು ಮಧ್ಯಾಹ್ನ ಹನ್ನೆರಡರ ಮೇಲೇನೆ. ನೀವು ಹಾಕಿರೋ ಪ್ಲಾನ್ ಪ್ರಕಾರ ಎರಡೂ ಕಡೆ ಬಾಗ್ಲು ನೋಡ್ಕೊಂಡು ಬರ್ತೀರ. ಉಲ್ಟಾ ಮಾಡ್ಕೊಳ್ಳಿ, ಶನಿವಾರ ಕೋಟೆ, ಭಾನುವಾರ ಯಹೂದಿ ಬೀದಿ. ಸುಮ್ನೆ ಅದಲು ಬದಲು ಅಷ್ಟೆ, ಆದ್ರೆ ಇದನ್ನ ಯಾರೂ ಹೇಳಲ್ಲ ನೋಡು, ನಾನೇ ಮೊದಲ್ನೇ ಸಲ ಶನಿವಾರ ಹೋಗಿ ಗೇಟ್ ಮುಂದೆ ನಿಂತಿದ್ದೆ.

ಇನ್ನೊಂದು, ಮೇ 8 ಅಲ್ಲಿ ಸರ್ಕಾರಿ ರಜ, ಎರಡನೇ ಮಹಾಯುದ್ಧ ಮುಗಿದ ದಿನ. ದೊಡ್ಡ ಅಂಗಡಿಗಳು ಬಾಗ್ಲು ಹಾಕಿರ್ತವೆ, ಹೋಟ್ಲು ತೆಗೆದಿರುತ್ತೆ. ಶುಕ್ರವಾರ ರಾತ್ರಿ ಇಳಿದು ಹಾಲು ಬ್ರೆಡ್ಡು ತಗೊಳ್ಳೋಣ ಅಂತಿದ್ರೆ ಡ್ರೆಸ್ಡೆನ್ನಲ್ಲೇ ತಗೊಂಡು ಹತ್ತಿ.

ವೀಸಾಗೆ ಹೆದರ್ಬೇಡ. ಜೆಕ್ 2007ರಿಂದ ಷೆಂಗೆನ್ (ಒಂದೇ ವೀಸಾ ನಡಿಯೋ ಯುರೋಪ್ ದೇಶಗಳ ಗುಂಪು) ಒಳಗೇ ಇದೆ, ಒಳಗೊಳಗೆ ಓಡಾಡಿದ್ರೆ ಎಂಟ್ರಿ ಲೆಕ್ಕಕ್ಕೆ ಬರಲ್ಲ. ಆದ್ರೆ ಪಾಸ್‌ಪೋರ್ಟ್ ಜೇಬಲ್ಲೇ ಇಟ್ಕೋ, ವಾಪಸ್ ಬರುವಾಗ ಜರ್ಮನಿ ಗಡಿ ಹತ್ರ ಪೊಲೀಸ್ ಟ್ರೈನ್ ಹತ್ತಿ ನೋಡ್ತಾರೆ, ಫೋನಲ್ಲಿರೋ ಫೋಟೊ ತೋರ್ಸಿದ್ರೆ ನಡಿಯಲ್ಲ.

ಟ್ರೈನಲ್ಲಿ ಡ್ರೆಸ್ಡೆನ್ನಿಂದ ಹೋಗುವಾಗ ಎಡಗಡೆ ಕೂತ್ಕೊಳ್ಳಿ. ಎಲ್ಬ ನದಿ ಪಕ್ಕಕ್ಕೇ ಬರುತ್ತೆ, ಗಡಿ ದಾಟೋವರೆಗೂ ಮರಳುಗಲ್ಲಿನ ಬಂಡೆಗಳು ಕೋಟೆ ಗೋಡೆ ತರ ನಿಂತಿರ್ತವೆ. ಎರಡೂವರೆ ಗಂಟೆ ಒಳಗೆ ಪ್ರಾಗ್. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಗಲು ಟ್ರೈನಲ್ಲಿ ಹೋಗುವಾಗ ಯಾವ ಕಡೆ ಕಿಟಕಿ ಅಂತ ಜಗಳ ಆಡ್ತೀವಲ್ಲ, ಅದೇ ಜಗಳ ಅಲ್ಲೂ ಐತೆ. ಆದ್ರೆ ನೀವು ಶುಕ್ರವಾರ ರಾತ್ರಿ ತಲುಪೋದು ಅಂದ್ರಿ, ಮಧ್ಯಾಹ್ನದ ಟ್ರೈನೇ ಹಿಡೀರಿ, ಕತ್ಲಲ್ಲಿ ಹೋಗಿ ಆ ದಾರಿ ಹಾಳ್ಮಾಡ್ಕೋಬೇಡಿ.

ಇನ್ನು 19 ಜಾಗದ ವಿಷ್ಯ. ಬೆಂಗ್ಳೂರಿಂದ ಬೆಳಗ್ಗೆ ಆರಕ್ಕೆ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರೂ ಮುಗ್ಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರೋರನ್ನ ನೋಡಿ ನಾವೇನಂತೀವಿ? ಬೇಲೂರಲ್ಲಿ ಚಪ್ಲಿ ಬಿಟ್ಟು, ಕಾಲು ಸುಡ್ತು ಅಂತ ಓಡಿ, ಸೆಲ್ಫಿ ತಗೊಂಡು, ಊಟ ಎಲ್ಲಿ ಅಂತ ಕೇಳ್ತಾರೆ. ಅವರನ್ನ ಆಡ್ಕೊಂಡು ನಗೋ ನಾವು ಅಲ್ಲಿಗೆ ಹೋಗಿ ಅದನ್ನೇ ಮಾಡೋದಾ. ಆರು ಜಾಗ ಇಟ್ಕೊಳ್ಳಿ ಸಾಕು.

ಸಕ್ಲೇಶ್ಪುರ_ಜಿಗಣೆ:

ಜಂಕ್ಷನ್ ಅಣ್ಣ ಹೇಳೋದು ಚೆನ್ನಾಗೈತೆ, ಆದ್ರೆ ಅವ್ರು ಹತ್ತು ಸಲ ಹೋಗವ್ರೆ ಅದಕ್ಕೆ ಹಂಗಂತಾರೆ. ಈ ಹುಡ್ಗ ಜೀವನದಲ್ಲಿ ಮತ್ತೆ ಯಾವಾಗ ಹೋಗ್ತಾನೋ ಏನೋ, ಕಂಪ್ನಿ ದುಡ್ಡಲ್ಲಿ ಅಲ್ಲಿವರ್ಗೂ ಹೋಗಿ ಆರೇ ಜಾಗ ನೋಡ್ಕೊಂಡು ಬಂದ್ರೆ ಊರಲ್ಲಿ ಕೇಳೋರಿಗೆ ಏನು ಹೇಳದು? ನಾನಂತೂ 2022ರಲ್ಲಿ ಒಂದೂವರೆ ದಿನದಲ್ಲಿ ಹದಿನಾರು ಜಾಗ ನೋಡ್ದೆ. ಕಾಲು ಬೊಬ್ಬೆ ಬಂತು, ನಿಜ. ಯಾವ ಚರ್ಚು ಯಾವ್ದು ಅಂತ ಈಗ ಫೋಟೊ ನೋಡಿದ್ರೂ ಗೊತ್ತಾಗಲ್ಲ, ಅದೂ ನಿಜ. ಆದ್ರೂ ನೋಡಿದೀನಿ ಅಂತ ಐತಲ್ಲ.

ದುಡ್ಡಿನ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಅದ್ರಲ್ಲಿ ನಾನು ಏಟು ತಿಂದೋನು. ಅಲ್ಲಿ ಯೂರೋ ಅಲ್ಲ, ಕೊರುನಾ. (ಹೌದು, ಹೆಸ್ರು ಕೇಳಿ ನಮ್ಮಮ್ಮ ಫೋನಲ್ಲೇ ಹೌಹಾರಿದ್ರು, ಕಿರೀಟ ಅಂತ ಅರ್ಥ ಕಣಮ್ಮ ಅಂತ ಸಮಾಧಾನ ಮಾಡಿದ್ದಾಯ್ತು.) ಒಂದು ಯೂರೋಗೆ ಹೆಚ್ಚುಕಮ್ಮಿ 24-25 ಕೊರುನಾ. ಹಳೇ ಊರಿನ ಬೀದಿಲಿ ಒಂದು ಎಕ್ಸ್‌ಚೇಂಜ್ ಅಂಗಡಿ, ಬೋರ್ಡಲ್ಲಿ ಕಮಿಷನ್ ಸೊನ್ನೆ ಅಂತ ದೊಡ್ಡದಾಗಿ ಬರ್ದವ್ನೆ, ನಾನು ನೂರು ಯೂರೋ ಕೊಟ್ಟೆ, ಎಣಿಸಿ ನೋಡ್ತೀನಿ ಹದಿನಾರು ನೂರು ಚಿಲ್ಲರೆ. ಕಮಿಷನ್ ಸೊನ್ನೆ ಸರಿ, ರೇಟೇ ಕತ್ತರಿ. ಆಮೇಲೆ ಒಬ್ರು ಹೇಳಿದ್ರು, ಅಲ್ಲಿ ಕಾನೂನಿದೆ, ರಸೀದಿ ಇಟ್ಕೊಂಡಿದ್ರೆ ಮೂರು ಗಂಟೆ ಒಳಗೆ ವಾಪಸ್ ಹೋಗಿ ಕ್ಯಾನ್ಸಲ್ ಮಾಡ್ಸಬಹುದಂತೆ. ಗೊತ್ತಾಗೋ ಹೊತ್ತಿಗೆ ನಾಲ್ಕು ಗಂಟೆ ಆಗಿತ್ತು. ಬೀದಿಲಿ ನಿಂತು ಒಳ್ಳೇ ರೇಟ್ ಕೊಡ್ತೀನಿ ಬಾ ಅನ್ನೋರತ್ರ ಅಂತೂ ಹೋಗ್ಲೇಬೇಡಿ, ಬೇರೆ ದೇಶದ ಚಲಾವಣೆ ಇಲ್ದಿರೋ ನೋಟು ಕೊಟ್ಟು ಓಡ್ತಾರೆ. ಎಲ್ಲಾ ಕಡೆ ಕಾರ್ಡ್ ನಡಿಯುತ್ತೆ. ಮೆಷಿನ್ ನಿಮಗೆ ಕೊರುನಾನೋ ರುಪಾಯಿನೋ ಅಂತ ಕೇಳಿದ್ರೆ ಕೊರುನಾನೇ ಒತ್ತಿ, ರುಪಾಯಿ ಒತ್ತಿದ್ರೆ ಅವ್ರಿಷ್ಟದ ರೇಟ್ ಹಾಕ್ತಾರೆ. ಸ್ವಲ್ಪ ಚಿಲ್ಲರೆ ನಾಣ್ಯ ಇರ್ಲಿ, ಟಾಯ್ಲೆಟ್ಟಿಗೆ ಕಾಸು ಕೇಳ್ತಾರೆ.

ಟ್ರಾಮ್ ಟಿಕೆಟ್ ತಗೊಂಡ್ರೆ ಸಾಲ್ದು, ಹತ್ತಿದ ತಕ್ಷಣ ಹಳದಿ ಡಬ್ಬಕ್ಕೆ ತೂರ್ಸಿ ಪಂಚ್ ಮಾಡ್ಬೇಕು. ನಾನು ಹೊಸ ಟಿಕೆಟ್ ಜೇಬಲ್ಲಿಟ್ಕೊಂಡು ಮಹಾರಾಜನ ತರ ಕೂತಿದ್ದೆ, ಮಫ್ತಿಲಿದ್ದ ಚೆಕಿಂಗ್‌ನೋರು ಬ್ಯಾಡ್ಜ್ ತೋರ್ಸಿದ್ರು, ದಂಡ ಕಟ್ದೆ. ತಪ್ಪು ನಂದೇ, ಟಿಕೆಟ್ ಹಿಂದ್ಗಡೆ ಇಂಗ್ಲಿಷಲ್ಲೂ ಬರ್ದಿತ್ತು. 24 ಗಂಟೆ ಪಾಸ್ ಆದ್ರೆ ಮೊದಲ್ನೇ ಸಲ ಒಂದ್ಸಲ ಪಂಚ್ ಮಾಡಿದ್ರೆ ಸಾಕು. ಕೋಟೆಗೆ 22ನೇ ನಂಬರ್ ಟ್ರಾಮ್, ಗುಡ್ಡ ಹತ್ತೋ ಸುಸ್ತು ಉಳಿಯುತ್ತೆ, ಇಳಿಯುವಾಗ ನಡ್ಕೊಂಡು ಬನ್ನಿ.

ಬೇಲೂರು_ಮೇಷ್ಟ್ರು:

ತಮ್ಮಾ ಗೋಬಿ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ನ್ಯೂರೆಂಬರ್ಗಲ್ಲಿದಾಳೆ, ಹೋದ್ವರ್ಷ ನಾನೂ ನಮ್ಮನೆಯವ್ರೂ ಪ್ರಾಗ್ ನೋಡ್ಕೊಂಡು ಬಂದ್ವಿ. ನಿಮ್ಮಪ್ಪ ಪಂಚಾಂಗದೋರು ಅಂದ್ಯಲ್ಲ, ಅವ್ರಿಗೆ ಅಲ್ಲಿಂದ ಏನೂ ತರ್ಬೇಡ, ಆ ಗಡಿಯಾರದ ಮುಂದೆ ನಿಂತು ವಿಡಿಯೊ ಕಾಲ್ ಮಾಡಪ್ಪ.

ಜನ ಎಲ್ಲಾ ಅಲ್ಲಿ ಗೊಂಬೆ ಆಟ ನೋಡಕ್ಕೆ ಸೇರ್ತಾರೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಂದ್ಸಲ ಕಿಟಕಿ ತೆಗೆದು ಹನ್ನೆರಡು ಅಪೋಸ್ತಲರು, ಅಂದ್ರೆ ಯೇಸುವಿನ ಶಿಷ್ಯರು, ಹಾದು ಹೋಗ್ತಾರೆ, ಪಕ್ಕದಲ್ಲಿ ಅಸ್ಥಿಪಂಜರ ಹಗ್ಗ ಜಗ್ಗುತ್ತೆ, ಕೊನೆಗೆ ಹುಂಜ ಕೂಗುತ್ತೆ. ಒಂದು ನಿಮಿಷಕ್ಕೆ ಮುಗೀತು, ಇಷ್ಟೇನಾ ಅಂತ ಜನ ಹೊರಟೋಗ್ತಾರೆ. ಆಗ ನೀವು ಹೋಗ್ಬೇಡಿ, ಆಗ ಮುಂದೆ ಜಾಗ ಸಿಗುತ್ತೆ. ಮೇಲಿನ ದೊಡ್ಡ ಮುಖ ನೋಡಿ. ಅದ್ರಲ್ಲಿ ಒಂದು ಸೂರ್ಯ, ಒಂದು ಚಂದ್ರ, ಒಂದು ರಾಶಿಚಕ್ರ. ಹೊರಗಿನ ಬಳೆ ಮೇಲೆ ಹಳೇ ಲಿಪಿಲಿ 1ರಿಂದ 24ರವರೆಗೆ ಅಂಕಿ ಇದೆ, ಅದು ಹಳೇ ಬೊಹೀಮಿಯಾ (ಪ್ರಾಗ್ ಇರೋ ಸೀಮೆ) ಲೆಕ್ಕ, ಸೂರ್ಯ ಮುಳುಗಿದಾಗಿನಿಂದ ಗಂಟೆ ಎಣಿಸೋದು. ನಮ್ಮಲ್ಲಿ ಸೂರ್ಯ ಹುಟ್ಟಿದಾಗಿನಿಂದ ಘಳಿಗೆ ಎಣಿಸ್ತಾರಲ್ಲ, ಅವ್ರದ್ದು ಮುಳುಗಿದ್ಮೇಲೆ. ದಿನ ದಿನಕ್ಕೆ ಸೂರ್ಯಾಸ್ತ ಹಿಂದೆ ಮುಂದೆ ಆದ ಹಾಗೆ ಆ ಬಳೆನೂ ಹಿಂದೆ ಮುಂದೆ ಸರಿಯುತ್ತೆ. 1410ರಲ್ಲಿ ಇದನ್ನ ಮಾಡಿದಾರೆ ಅಂದ್ರೆ ನೋಡು, ನಮ್ಮಲ್ಲಿ ವಿಜಯನಗರದ ಕಾಲ.

ನಾನು ನಮ್ಮನೆಯವ್ರಿಗೆ ರಾಶಿ ತೋರಿಸ್ತಿದ್ದೆ, ಒಂದು ವಿಚಿತ್ರ ಗಮನಕ್ಕೆ ಬಂತು. ಅವ್ರದ್ದು ಸಾಯನ ಲೆಕ್ಕ, ಅಂದ್ರೆ ಹಗಲು ರಾತ್ರಿ ಸಮ ಆಗೋ ಬಿಂದುವಿನಿಂದ ರಾಶಿ ಎಣಿಸೋದು, ನಮ್ಮದು ನಿರಯನ, ನಕ್ಷತ್ರ ಹಿಡಿದು ಎಣಿಸೋದು, ಮಧ್ಯೆ ಅಯನಾಂಶ ಅಂತ ಸುಮಾರು 24 ಡಿಗ್ರಿ ವ್ಯತ್ಯಾಸ. ನೀನು ಹೋಗೋ ಮೇ 10ಕ್ಕೆ ಅಲ್ಲಿ ಸೂರ್ಯ ವೃಷಭದಲ್ಲಿ ಇರ್ತಾನೆ, ನಿಮ್ಮಪ್ಪನ ಪಂಚಾಂಗದಲ್ಲಿ ಇನ್ನೂ ಮೇಷದಲ್ಲಿ. ಕೇಳಿ ನೋಡು ಏನಂತಾರೆ ಅಂತ.

ಆ ಗಡಿಯಾರಕ್ಕೆ ಒಂದು ಕಥೆ ಇದೆ. ಹಾನುಷ್ ಅನ್ನೋ ಕುಶಲಕರ್ಮಿ ಮಾಡಿದ, ಬೇರೆ ಊರಿಗೆ ಇಂಥದ್ದೇ ಮಾಡಿಕೊಡಬಾರದು ಅಂತ ಊರ ಯಜಮಾನರು ಅವನ ಕಣ್ಣು ಕೀಳಿಸಿದ್ರು, ಅವನು ಸಿಟ್ಟಿಗೆ ಗಡಿಯಾರದೊಳಗೆ ಕೈ ಹಾಕಿ ನಿಲ್ಲಿಸಿಬಿಟ್ಟ ಅಂತ. ಗೈಡ್ ಹೇಳ್ತಿದ್ದ ಹಾಗೆ ನಾನು ನಕ್ಕುಬಿಟ್ಟೆ, ಮಗಳು ಯಾಕಪ್ಪ ಅಂದ್ಲು. ನಮ್ಮ ಜಕಣಾಚಾರಿ ಕಥೆನೇ ಅಲ್ವೇನಮ್ಮ ಇದು! ಕಪ್ಪೆ ಚೆನ್ನಿಗರಾಯನ ಹೊಟ್ಟೇಲಿ ಕಪ್ಪೆ ಸಿಕ್ಕಿ ಬಲಗೈ ಕಡಿದುಕೊಂಡ ಅಂತ ಬೇಲೂರಲ್ಲಿ ಪ್ರತಿ ಬಸ್ಸಿನೋರಿಗೂ ಹೇಳ್ತಾರೆ. ನಿಜ ಹೇಳ್ಬೇಕಂದ್ರೆ ಅಲ್ಲಿನ ಗಡಿಯಾರ ಮಾಡಿದೋನು ಕಾಡಾನ್ ಊರಿನ ಮಿಕುಲಾಷ್, ಲೆಕ್ಕ ಹಾಕಿಕೊಟ್ಟಿದ್ದು ಯಾನ್ ಶಿಂಡೆಲ್ ಅನ್ನೋ ಗಣಿತದ ಪಂಡಿತ. ಬೇಲೂರಿನ ಶಿಲ್ಪದ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಹೆಸರೇ ಕೆತ್ತಿದೆ. ಕಲ್ಲಲ್ಲಿ ಕೆತ್ತಿದ ಹೆಸರು ಯಾರಿಗೂ ಬೇಡ, ಎರಡೂ ಊರಲ್ಲಿ ಕೈ ಕಡಿದ ಕಣ್ಣು ಕಿತ್ತ ಕಥೆನೇ ಬೇಕು.

ಜಿಗಣೆಯವ್ರೆ, ಹದಿನಾರು ಜಾಗ ನೋಡಿದ್ರಿ ಅಂದ್ರಲ್ಲ, ಸೂರ್ಯ ಯಾವ ರಾಶಿಲಿದ್ದ?

ಸಕ್ಲೇಶ್ಪುರ_ಜಿಗಣೆ:

ಮೇಷ್ಟ್ರೇ, ಪರೀಕ್ಷೆ ಬ್ಯಾಡಿ 🙏 ನಾನು ಗಡಿಯಾರ ನೋಡಿದ್ದು ಟೈಮ್ ಎಷ್ಟು ಅಂತ ತಿಳ್ಕೊಳ್ಳೋಕೆ, ಅದೂ ಗೊತ್ತಾಗ್ಲಿಲ್ಲ, ಫೋನ್ ತೆಗೆದು ನೋಡ್ಕೊಂಡೆ.

ಶೆಟ್ಟಿಹಳ್ಳಿ_ಹಿನ್ನೀರು:

ನಾನೂ ಹಾಸನದೋಳೇ, ಈಗ ವಿಯೆನ್ನಾದಲ್ಲಿ ನರ್ಸ್. ನಿಮ್ಮ ಲಿಸ್ಟಲ್ಲಿ ಇಲ್ದಿರೋ ಒಂದು ಜಾಗ ಹೇಳ್ತೀನಿ. ಬೆಂಗ್ಳೂರು ವಿವೇಕನಗರದ ಬಾಲ ಯೇಸು ಚರ್ಚು ಗೊತ್ತಲ್ಲ, ಗುರುವಾರ ಗುರುವಾರ ಜಾತಿ ಮತ ಇಲ್ದೆ ಎಲ್ರೂ ಹೋಗ್ತಾರೆ, ನಮ್ಮಮ್ಮ ಹಾಸನದಿಂದ ಬಸ್ಸಲ್ಲಿ ಹೋಗಿ ಬರೋರು. ಆ ಬಾಲ ಯೇಸುವಿನ ಮೂಲ ವಿಗ್ರಹ ಇರೋದು ಪ್ರಾಗ್‌ನಲ್ಲಿ. ಕೋಟೆ ಇಳಿದು ಬರೋ ಮಲಾ ಸ್ಟ್ರಾನಾ ಅನ್ನೋ ಕಡೆ, ಕಾರ್ಮೆಲಿಟ್‌ಸ್ಕಾ ಬೀದಿ, ಟ್ರಾಮ್ ಪಕ್ಕದಲ್ಲೇ ಹೋಗುತ್ತೆ. ಒಳಗೆ ಹೋಗಕ್ಕೆ ದುಡ್ಡಿಲ್ಲ.

ನಾನು ಏನೋ ದೊಡ್ಡದಾಗಿರುತ್ತೆ ಅನ್ಕೊಂಡು ಹೋದೆ. ಮರದ ಮೇಲೆ ಮೇಣ ಹಚ್ಚಿರೋ ವಿಗ್ರಹ, 47 ಸೆಂಟಿಮೀಟರ್, ಅಂದ್ರೆ ನಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ಅಷ್ಟೆ. ಸ್ಪೇನಿಂದ ಬಂದಿದ್ದು, 1628ರಲ್ಲಿ ಪಾಲಿಕ್ಸೇನಾ ಅನ್ನೋ ದೊಡ್ಡ ಮನೆತನದ ಹೆಂಗಸು ಅಲ್ಲಿನ ಸನ್ಯಾಸಿಗಳಿಗೆ ಕೊಟ್ರಂತೆ. ನಮ್ಮ ದೇವಸ್ಥಾನದಲ್ಲಿ ಅಲಂಕಾರ ಮಾಡ್ದಂಗೆ ಹಬ್ಬಕ್ಕೊಂದು ಬಣ್ಣದ ಬಟ್ಟೆ ಹಾಕ್ತಾರೆ, ಮೇಲ್ಗಡೆ ಚಿಕ್ಕ ಮ್ಯೂಸಿಯಂನಲ್ಲಿ ಹಳೇ ಬಟ್ಟೆಗಳಿವೆ, ಮಹಾರಾಣಿ ಮರಿಯಾ ಥೆರೇಸಾ ಕೊಟ್ಟಿದ್ದೂ ಐತೆ. ನಾನು ಹೋದಾಗ ಹಸಿರು ಬಟ್ಟೆ ಹಾಕಿದ್ರು. ಅಮ್ಮಂಗೆ ಫೋಟೊ ಕಳಿಸ್ದೆ, ಬೆಂಗ್ಳೂರಿಂದಕ್ಕಿಂತ ಚಿಕ್ಕದಲ್ಲವೇನೇ ಅಂದ್ರು, ಆಮೇಲೆ ಹತ್ತು ನಿಮಿಷ ಮಾತೇ ಆಡ್ಲಿಲ್ಲ, ಅಳ್ತಿದ್ರು ಅನ್ಸುತ್ತೆ.

ಮತ್ತೆ ಸೇತುವೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ರಾಜ ಶುರು ಮಾಡ್ಸಿದ್ದು, ಗಾರೆ ಗಟ್ಟಿಯಾಗ್ಲಿ ಅಂತ ರಾಜ್ಯದ ಊರೂರಿಂದ ಮೊಟ್ಟೆ ತರಿಸಿದ್ರು ಅಂತ ಕಥೆ. ವೆಲ್‌ವಾರಿ ಅನ್ನೋ ಊರಿನೋರು ದಾರಿಲಿ ಒಡೆದುಹೋಗ್ತವೆ ಅಂತ ಬೇಯ್ಸಿ ಕಳಿಸಿದ್ರಂತೆ 😄 ಗೈಡ್ ಇದನ್ನ ಹೇಳಿದಾಗ ಎಲ್ರೂ ಓಹ್ ಅಂದ್ರು, ನಾನು ನಮ್ಮ ಶೆಟ್ಟಿಹಳ್ಳಿ ಚರ್ಚಿಗೂ ಬೆಲ್ಲ ಮೊಟ್ಟೆ ಹಾಕೇ ಗಾರೆ ಕಲಸಿದ್ದು ಅಂತಾರೆ ಅಂತ ಫೋಟೊ ತೋರ್ಸಿದೆ. ಮಳೆಗಾಲದಲ್ಲಿ ಗೊರೂರು ಡ್ಯಾಮಿನ ಹಿನ್ನೀರು ತುಂಬಿ ಚರ್ಚು ಅರ್ಧ ಮುಳುಗಿರೋ ಫೋಟೊ. ಆ ಗೈಡ್ ಫೋನ್ ಈಸ್ಕೊಂಡು ಝೂಮ್ ಮಾಡಿ ಮಾಡಿ ನೋಡ್ದ, ಅವತ್ತು ನಮ್ಮ ಗುಂಪಲ್ಲಿ ನಾನೇ ವಿಐಪಿ.

ಸೇತುವೆಗೆ ಬೆಳಗ್ಗೆ ಐದೂವರೆಗೆ ಹೋಗಿ, ಮೇನಲ್ಲಿ ಅಷ್ಟೊತ್ತಿಗೆ ಬೆಳಕಾಗಿರುತ್ತೆ. ಹತ್ತು ಗಂಟೆ ಮೇಲೆ ಹೋದ್ರೆ ಹಾಸನಾಂಬ ಬಾಗ್ಲು ತೆಗೆದಾಗಿನ ಕ್ಯೂ ನೆನಪಾಗುತ್ತೆ, ಅದಾದ್ರೂ ವರ್ಷಕ್ಕೊಂದ್ಸಲ, ಅಲ್ಲಿ ದಿನಾಗ್ಲೂ. ನೆಪೊಮುಕ್ ಅನ್ನೋ ಸಂತರ ವಿಗ್ರಹದ ಕೆಳಗಿನ ಕಂಚಿನ ಫಲಕ ಮುಟ್ಟಿ ಮುಟ್ಟಿ ಚಿನ್ನದಂಗೆ ಹೊಳೀತಿರುತ್ತೆ, 1393ರಲ್ಲಿ ಅವ್ರನ್ನ ಅದೇ ಸೇತುವೆಯಿಂದ ನದಿಗೆ ಎಸೆದಿದ್ದು. ಮುಟ್ಟಿದ್ರೆ ಒಳ್ಳೇದಾಗುತ್ತೆ ಅಂತಾರೆ, ನಾನೂ ಮುಟ್ಟಿದೆ.

ಉಪ್ಸಾರು_ಮುದ್ದೆ:

ಊಟದ ಪ್ರಶ್ನೆಗೆ ಯಾರೂ ಉತ್ರ ಕೊಡ್ಲಿಲ್ವಲ್ರೋ. ನಾನೂ ಸಸ್ಯಾಹಾರಿ, ಹೆಸ್ರು ನೋಡಿದ್ರೇ ಗೊತ್ತಾಗುತ್ತೆ. ಅಲ್ಲಿನೋರಿಗೆ ಹಂದಿಮಾಂಸ, ಗ್ರೇವಿ, ಕ್ನೆಡ್ಲಿಕ್ ಇವೇ ಊಟ. ಕ್ನೆಡ್ಲಿಕ್ ಅಂದ್ರೆ ಹಿಟ್ಟಿನ ದೊಡ್ಡ ಉಂಡೆನ ಬೇಯ್ಸಿ ದಾರದಲ್ಲಿ ಕುಯ್ದು ಬಿಲ್ಲೆ ಬಿಲ್ಲೆ ಮಾಡಿ ಇಡ್ತಾರೆ, ಗ್ರೇವಿಗೆ ಅದ್ದಿ ತಿನ್ನೋದು. ನೋಡಿದ್ರೆ ನಮ್ಮ ಕಡುಬಿನ ಅಣ್ಣ ಅನ್ಸುತ್ತೆ, ಆದ್ರೆ ಬಹಳ ಕಡೆ ಮೊಟ್ಟೆ ಹಾಕ್ತಾರೆ, ಅಕ್ಕೋರಿಗೆ ಆಗಲ್ಲ. ಮಾಂಸ ಇಲ್ದಿರೋದು ಅಂತ ಕೇಳಿದ್ರೆ ಎಲ್ಲಾ ಕಡೆ ಸಿಗೋದು ಸ್ಮಾಜೆನಿ ಸಿರ್, ದಪ್ಪನೆ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದಿದ್ದು, ಅದಕ್ಕೂ ಮೊಟ್ಟೆಲಿ ಅದ್ದೇ ಕರಿಯೋದು. ಆಲೂಗಡ್ಡೆ ಸೂಪಿಗೆ ಮಾಂಸದ ನೀರು ಹಾಕಿರಬಹುದು, ಕೇಳಿ. ಮಾಂಸ ಇಲ್ಲ ಅಂತ ಹೇಳಿ ಮೇಲೆ ಹ್ಯಾಮ್ ಚೂರು ಉದುರ್ಸಿ ತಂದುಕೊಟ್ರು ನನಗೆ ಒಂದ್ಕಡೆ, ಇದೇನಪ್ಪ ಅಂದ್ರೆ ಇದು ರುಚಿಗೆ ಅಂದ. ಆದ್ರಿಂದ ಒಂದು ಹೊತ್ತು ಇಂಡಿಯನ್ ಇಲ್ಲಾ ವೀಗನ್ ಹೋಟ್ಲು, ಊರಲ್ಲಿ ಎರಡೂ ಬೇಕಾದಷ್ಟಿವೆ, ಇನ್ನೊಂದು ಹೊತ್ತಿಗೆ ಪುಳಿಯೋಗರೆ ಗೊಜ್ಜು ತಗೊಂಡೋಗಿ. ರೂಮಲ್ಲಿ ಅಡುಗೆಮನೆ ಇರೋ ಅಪಾರ್ಟ್‌ಮೆಂಟೇ ತಗೊಳ್ಳಿ ಅಂತ ನನ್ನ ಸಲಹೆ, ನಾಲ್ಕು ಜನಕ್ಕೆ ಲೆಕ್ಕ ಹಾಕಿದ್ರೆ ಅದೇ ಅಗ್ಗ.

ಬೀದಿಬೀದಿಲಿ ಕೊಳವೆ ತರ ಸುತ್ತಿ ಕೆಂಡದ ಮೇಲೆ ಸುಟ್ಟು ಸಕ್ಕರೆ ಹಚ್ಚಿ ಕೊಡೋ ಟ್ರಡೆಲ್ನಿಕ್ ಅನ್ನೋದು ಹಳೇ ಪ್ರಾಗ್ ತಿಂಡಿ ಅಂತ ಬೋರ್ಡ್ ಹಾಕಿರ್ತಾರೆ, ಅದು ಟೂರಿಸ್ಟ್‌ಗಳಿಗೋಸ್ಕರ ಇತ್ತೀಚೆಗೆ ಬಂದಿದ್ದು. ಚೆನ್ನಾಗೇನೋ ಇರುತ್ತೆ, ಮೋಸ ಹೋದೆ ಅನ್ಕೋಬೇಡಿ, ಸಂಪ್ರದಾಯ ಅಂತ ಮಾತ್ರ ನಂಬ್ಬೇಡಿ.

ಕುಡಿಯೋರು ಇದ್ರೆ ಒಂದು ಮಾತು. ಹಳೇ ಕಾಲದ ಬಿಯರ್ ಹೋಟ್ಲಲ್ಲಿ ಗ್ಲಾಸ್ ಖಾಲಿ ಆಗ್ತಿದ್ದಂಗೆ ಕೇಳ್ದೇನೇ ಇನ್ನೊಂದು ತಂದಿಟ್ಟು ಚೀಟಿ ಮೇಲೆ ಒಂದು ಗೀಟು ಎಳೀತಾನೆ. ಸಾಕು ಅಂದ್ರೆ ಗ್ಲಾಸ್ ಮೇಲೆ ಆ ರಟ್ಟಿನ ಬಿಲ್ಲೆ ಮುಚ್ಚಿಡ್ಬೇಕು. ನಮ್ಮಲ್ಲಿ ಮದ್ವೆ ಊಟದಲ್ಲಿ ಎಲೆ ಮೇಲೆ ಕೈ ಅಡ್ಡ ಇಡಲ್ವಾ, ಹಂಗೆ. ನನ್ನ ರೂಮ್‌ಮೇಟಿಗೆ ಇದು ಗೊತ್ತಿಲ್ದೆ ಏಳು ಗೀಟು ಆಗಿತ್ತು.

ಅರಸೀಕೆರೆ_ಜಂಕ್ಷನ್:

ಮರ್ತಿದ್ದೆ, ಎರಡು ವಿಷ್ಯ. ಸೇಂಟ್ ವಿಟಸ್ ಚರ್ಚು 1344ರಲ್ಲಿ ಶುರುವಾಗಿ ಮುಗಿದಿದ್ದು 1929ರಲ್ಲಿ, ಅದಕ್ಕೇ ಒಳಗಿನ ಬಣ್ಣದ ಗಾಜಿನ ಕಿಟಕಿಲಿ ಒಂದು ಇಪ್ಪತ್ತನೇ ಶತಮಾನದ ಅಲ್ಫೋನ್ಸ್ ಮುಖಾ ಅನ್ನೋ ಚಿತ್ರಕಾರರದ್ದು. ಎಡಗಡೆ ಮೂರನೇದು, ಬಿಸಿಲಿದ್ದಾಗ ನೆಲದ ಮೇಲೆ ಬಣ್ಣ ಬೀಳುತ್ತೆ. ಆರುನೂರು ವರ್ಷ ಹತ್ರ ಹತ್ರ ಕಟ್ಟಿದ್ರು ಅಂದ್ರೆ ನಮ್ಮ ಹಳೇಬೀಡು ಇನ್ನೂ ಮುಗ್ದೇ ಇಲ್ಲ ಅಂತ ಹೇಳ್ಬೋದು. ಗೋಪುರಕ್ಕೆ 287 ಮೆಟ್ಲು, ಗೊಮ್ಮಟನ ಬೆಟ್ಟ ಹತ್ತಿದೋರಿಗೆ ಅದೇನು ಮಹಾ ಅನ್ಕೊಂಡು ಹೋದೆ, ಒಳ್ಕಲ್ಲಿನ ಗುಂಡಿಯೊಳಗೆ ಸುತ್ತಿದಂಗೆ ಸುತ್ತಿ ಸುತ್ತಿ ತಲೆ ತಿರುಗ್ತು, ಎದುರಿಗೆ ಇಳಿಯೋರು ಬಂದ್ರೆ ಗೋಡೆಗೆ ಅಂಟ್ಕೋಬೇಕು. ಕೋಟೆ ಟಿಕೆಟ್ ಎರಡು ದಿನ ನಡಿಯುತ್ತೆ, ಒಂದೇ ದಿನ ಮುಗ್ಸಬೇಕು ಅಂತೇನಿಲ್ಲ.

ಎರಡ್ನೇದು, ಚಕ್ರದ ಟ್ರಾಲಿ ಬ್ಯಾಗ್ ತಗೊಂಡೋಗ್ಬೇಡಿ. ಇಡೀ ಹಳೇ ಊರಿಗೆ ಕಲ್ಲು ಹಾಸಿದೆ.

ಪಾರ್ಕ್‌ರೋಡ್_ಗೋಬಿ:

ಎಲ್ರಿಗೂ ಥ್ಯಾಂಕ್ಸ್, ಈಗ ಜರ್ಮನಿಲಿ ಕೂತ್ಕೊಂಡು ಬರೀತಿದೀನಿ, ಹೋಗಿ ಬಂದು ಮೂರು ದಿನ ಆಯ್ತು, ಕಾಲು ಇನ್ನೂ ನೋಯ್ತೈತೆ.

ಮೊದ್ಲು ಒಪ್ಕೊಂಡುಬಿಡ್ತೀನಿ, ಟ್ರಾಲಿ ಬ್ಯಾಗೇ ತಗೊಂಡೋಗಿದ್ದೆ, ಬೇರೆ ಇರ್ಲಿಲ್ಲ. ಸ್ಟೇಷನ್ನಿಂದ ಅಪಾರ್ಟ್‌ಮೆಂಟಿಗೆ ಹೋಗೋದ್ರೊಳಗೆ ಒಂದು ಚಕ್ರ ಕಲ್ಲಿನ ಸಂದಿಲಿ ಸಿಕ್ಕಿ ಟಕ್ ಅಂತು, ಉಳಿದ ದಾರಿ ಪೂರ್ತಿ ಅಕ್ಕಿಮೂಟೆ ತರ ಹೆಗಲ ಮೇಲೆ ಹೊತ್ಕೊಂಡು ಹೋದೆ. ಮೂರು ಜನ ವಿಡಿಯೊ ಮಾಡ್ಕೊಂಡ್ರೇ ಹೊರತು ಯಾರೂ ಕೈ ಹಾಕ್ಲಿಲ್ಲ.

19ರಲ್ಲಿ ಏಳು ಆಯ್ತು. ಡ್ರೆಸ್ಡೆನ್ನೋನು ಶನಿವಾರ ಮಧ್ಯಾಹ್ನದವರ್ಗೂ ಮುಖ ಊದಿಸ್ಕೊಂಡಿದ್ದ, ಪ್ರತಿ ಸಲ ಫೋನ್ ತೆಗೆದು ನಾವು ನಲವತ್ತೈದು ನಿಮಿಷ ಹಿಂದಿದೀವಿ ಅನ್ನೋನು. ಕೋಟೆಯಿಂದ ಇಳೀತಾ ಕೆಂಪು ಹೆಂಚಿನ ಮನೆಗಳೆಲ್ಲ ಕೆಳಗೆ ಕಾಣೋ ಒಂದು ಕಟ್ಟೆ ಮೇಲೆ ಕೂತ್ವಿ, ಸಕಲೇಶಪುರದ ಕಡೆ ಹಳೇ ಮಂಗ್ಳೂರು ಹೆಂಚಿನ ಮನೆಗಳು ನೆನಪಾದ್ವು. ಅಲ್ಲಿ ಕಾಲೇಜಿನ ಮಾತು ಶುರುವಾಗಿ, ಸೆಮಿಸ್ಟರ್ ಬ್ಯಾಕು, ಹಾಸ್ಟೆಲ್ ಸಾಂಬಾರು, ಯಾರ್ಯಾರಿಗೆ ಮದ್ವೆ ಆಯ್ತು ಅಂತ ಎರಡು ಗಂಟೆ ಹೋಯ್ತು. ಅವ್ನೇ ಕೊನೆಗೆ ಪೆಟ್ರಿನ್ ಬಿಡ್ರೋ ಅಂದ. ಬೋಟು, ವಿಶೆಹ್ರಾಡ್, ಕಾಫ್ಕಾ ಎಲ್ಲಾ ಬಿಟ್ವಿ. ಜಿಗಣೆ ಅಣ್ಣ ಬೈಬೇಡಿ.

ಸೇತುವೆಗೆ ಐದೂವರೆಗೆ ಹೋಗ್ಬೇಕು ಅಂತ ಅಲಾರಂ ಇಟ್ಟು ಆರೂಕಾಲಿಗೆ ಹೋದ್ವಿ, ಆಗ್ಲೂ ಜನ ಕಮ್ಮಿನೇ, ಒಂದು ಮದ್ವೆ ಜೋಡಿ ಫೋಟೊ ತೆಗೆಸ್ಕೊಳ್ತಿತ್ತು, ಹುಡುಗಿ ಚಳಿಗೆ ನಡುಗ್ತಿದ್ಲು ಪಾಪ. ಗೆಳೆಯನ ಹೆಂಡ್ತಿಗೆ ಮೊಟ್ಟೆ ಗಾರೆ ಕಥೆ ಹೇಳ್ದೆ, ಹಂಗಾದ್ರೆ ನಾನು ಈ ಸೇತುವೆ ಮೇಲೆ ಕಾಲಿಡಬಹುದಾ ಇಲ್ವಾ ಅಂದ್ಲು. ಬಾಲ ಯೇಸು ಚರ್ಚಿಗೂ ಹೋದ್ವಿ ಅಕ್ಕ, ಈಸ್ಟರ್ ಕಾಲ ಅಂತ ಬಿಳಿ ಬಟ್ಟೆ ಹಾಕಿದ್ರು, ನಿಮ್ಮಮ್ಮಂಗೆ ಫೋಟೊ ಬೇಕಿದ್ರೆ ಹೇಳಿ. ಯಹೂದಿ ಸ್ಮಶಾನ ನೋಡಿ ಯಾರೂ ಮಾತಾಡ್ಲಿಲ್ಲ. ಜಾಗ ಸಾಲ್ದೆ ಒಬ್ಬರ ಮೇಲೊಬ್ಬರನ್ನ ಹನ್ನೆರಡು ಪದರದವರೆಗೆ ಹೂಳಿದಾರಂತೆ, ಕಲ್ಲುಗಳು ಒಂದಕ್ಕೊಂದು ಒರಗಿ ವಯಸ್ಸಾದ ಹಲ್ಲಿನ ತರ ನಿಂತಿದ್ವು.

ಮೇಷ್ಟ್ರೇ, ನಿಮ್ಮ ವಿಷ್ಯಕ್ಕೆ ಬರ್ತೀನಿ. ಭಾನುವಾರ ಬೆಳಗ್ಗೆ ಒಂಬತ್ತರ ಆಟಕ್ಕೆ ಮುಂಚೆನೇ ಹೋಗಿ ನಿಂತು ಅಪ್ಪಂಗೆ ವಿಡಿಯೊ ಕಾಲ್ ಮಾಡ್ದೆ, ಊರಲ್ಲಿ ಆಗ ಹನ್ನೆರಡೂವರೆ, ಊಟಕ್ಕೆ ಕೂತಿದ್ರು. ಸೂರ್ಯನ್ನ ತೋರ್ಸಿ, ಅವನ ಹಿಂದೆ ಸೊನ್ನೆ ಮೇಲೆ ಎರಡು ಕೊಂಬು ಇರೋ ಗುರುತು ತೋರ್ಸಿ, ಇದು ವೃಷಭ ಅಂದೆ. ಅಪ್ಪ ಅನ್ನದ ಕೈಲೇ ಎದ್ದು ಹೋದ್ರು, ಅಮ್ಮ ಹಿಂದಿಂದ ಕೈ ತೊಳ್ಕೊಂಡಾದ್ರೂ ಹೋಗ್ರೀ ಅಂತ ಕೂಗ್ತಿದ್ರು, ಪಂಚಾಂಗ ತಗೊಂಡು ಬಂದು ಕನ್ನಡಕ ಹಾಕ್ಕೊಂಡು ಬೆರಳಿಟ್ಟು ನೋಡಿ, ಇಲ್ಲ ಕಣೋ, ಇನ್ನೂ ಮೇಷದಲ್ಲವ್ನೆ, ವೃಷಭಕ್ಕೆ ಐದು ದಿನ ಐತೆ, ಆರುನೂರು ವರ್ಷದಿಂದ ತಪ್ಪು ತೋರಿಸ್ತಾ ಇದ್ರೂ ಅಲ್ಲಿ ಹೇಳೋರು ಯಾರೂ ಇಲ್ವಾ ಅಂದ್ರು. ನಾನು ಸಾಯನ ನಿರಯನ ಅಂತ ಮೇಷ್ಟ್ರು ಹೇಳ್ಕೊಟ್ಟಿದ್ದು ಒಪ್ಪಿಸೋಷ್ಟ್ರಲ್ಲಿ ಗಂಟೆ ಹೊಡೀತು, ಬೊಂಬೆಗಳು ಓಡಿದ್ವು, ಹುಂಜ ಕೂಗ್ತು. ಅಪ್ಪ ಫೋನಿಗೆ ಮುಖ ತಂದು, ಅದೇನೋ ಕೋಳಿ ಕೂಗಿದಂಗಾಯ್ತು, ಅಲ್ಲಿ ಈಗ ಬೆಳಗ್ಗೆನಾ ಅಂದ್ರು.

ಸಕ್ಲೇಶ್ಪುರ_ಜಿಗಣೆ:

ಏಳೇನಾ!! ಹೋಗ್ಲಿ, ಟಿಕೆಟ್ ಪಂಚ್ ಮಾಡಿದ್ರಾ?

ಪಾರ್ಕ್‌ರೋಡ್_ಗೋಬಿ:

ಮೂರು ಜನ ಮಾಡಿದ್ವಿ. ಎಕ್ಸೆಲ್‌ನೋನು ಮರ್ತಿದ್ದ, ಪುಣ್ಯಕ್ಕೆ ಯಾರೂ ಹತ್ತಲಿಲ್ಲ.